ಕೆರೆ ದಂಡೆಯ ಅಡುಗೆಮನೆಯಲ್ಲಿ ಒಂದು ಏಕಾದಶಿ

ನಿಗಡಿಯಲ್ಲಿರುವ ನನ್ನ ತಂಗಿಯ ಮಗಳು ಸವಿತಾ ಪವನಾ ಕೆರೆಯ ದಂಡೆಯಲ್ಲಿ ಊಟದ ಮನೆ ತೆರೆಯುತ್ತಿದ್ದಾಳೆ. ಮೊನ್ನೆ ಕೋಥರೂಡಿನ ನಮ್ಮ ಮನೆಗೆ ಬಂದವಳ ಕೈಯಲ್ಲಿ ಬಣ್ಣದ ಮೆನು ಕಾರ್ಡು. ಎಂಟು ಪುಟ. ಅದರಲ್ಲಿ ಅರ್ಧದಷ್ಟು ತಿನಿಸುಗಳ ಹೆಸರು ನನಗೆ ಓದಲು ಬರಲಿಲ್ಲ.

"ದೊಡ್ಡವ್ವಾ, ನೀ ಹದಿನಾಲ್ಕು ವರ್ಷ ಇದನ್ನ ಮಾಡೀದಿ. ನನಗ ನಾಕು ಮಾತು ಹೇಳು" ಅಂದಳು.

"ನಾಕು ಮಾತಿನ್ಯಾಗ ಮುಗಿಯೂದಿಲ್ಲವ್ವ. ಬರದ ಕೊಡತೀನಿ, ಕೂತು ಓದು" ಅಂದೆ.

ಕಳೆದ ವರ್ಷ ಮೊಣಕಾಲು ಬೇಡವೆಂದಿತು, ಕೆಲಸ ಬಿಟ್ಟೆ. ಈಗ ಬೆಳಿಗ್ಗೆ ದೇವರ ಪೂಜೆ ಆದಮೇಲೆ ಸಮಯವಿದೆ. ಬರೆಯುತ್ತೇನೆ. ಹೋಟೆಲಿನ ಶಾಸ್ತ್ರ ನನಗೆ ಗೊತ್ತಿಲ್ಲ. ನಾನು ಮನೆವಾರ್ತೆಯ ಹೆಂಗಸು. ಆದರೆ ನನ್ನ ಅಡುಗೆಮನೆಯಿಂದ ಯಾರೂ ಹಸಿದು ಎದ್ದು ಹೋಗಲಿಲ್ಲ, ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಪೌಡ ದಾಟಿ ಮುಳಶಿ ಕೆರೆಯ ನೀರು ಕಾಣುವ ಗುಡ್ಡದ ಓರೆಯಲ್ಲಿ ಪುಣೆಯವರ ಬಂಗಲೆಗಳ ಒಂದು ಸೊಸೈಟಿ ಇತ್ತು. ಶನಿವಾರ ಬರುವುದು, ಭಾನುವಾರ ಸಂಜೆ ಹೋಗುವುದು. ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಊಟ ಎಲ್ಲಿ ಸಿಗುತ್ತದೆ? ರಸ್ತೆಯ ತಿರುವಿನಲ್ಲಿ ವಡಾಪಾವಿನ ಒಂದು ಗಾಡಿ. ಎರಡು ಮೈಲಿ ಆಚೆ ಕೋಳಿ, ಬಾಟಲಿ ಎರಡೂ ಸಿಗುವ ಒಂದು ಢಾಬಾ. ನಡುವೆ ಏನೂ ಇಲ್ಲ. ಸೊಸೈಟಿಯ ಕ್ಲಬ್ಬಿನಲ್ಲಿ ಅಡುಗೆಮನೆ ಕಟ್ಟಿಸಿ, ಅದರಲ್ಲಿ ಹಳೆಯ ಕುರ್ಚಿಗಳನ್ನು ತುಂಬಿಟ್ಟಿದ್ದರು.

ಆ ಸೊಸೈಟಿಯ ಅಧ್ಯಕ್ಷೆ ಲಿಮಯೆ ಬಾಯಿ. ಹೈಸ್ಕೂಲಿನ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದವರು, ಕೋಥರೂಡಿನಲ್ಲಿ ನಮ್ಮ ಹಿಂದಿನ ಕಟ್ಟಡದಲ್ಲೇ ಮನೆ. ನಮ್ಮ ಮನೆಯವರ ಕಂಪನಿ ಭೋಸರಿಯ ಕಾರ್ಖಾನೆ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದ ಸಮಯ ಅದು. ಮಗಳ ಓದು ಇನ್ನೂ ನಡೆದಿತ್ತು. ಬಾಯಿ ನನ್ನ ಕೈಯ ರೊಟ್ಟಿ ಉಂಡಿದ್ದರು. ಯುಗಾದಿಯ ಮರುದಿನ ಬಂದು ಕರೆದರು. ಅವರು ಮಾತಾಡಿದ್ದು ಮರಾಠಿಯಲ್ಲಿ. ಅಲ್ಲಿಯ ಮಾತೆಲ್ಲ ಮರಾಠಿಯದೇ. ನನಗೆ ನೆನಪಾಗುವುದು ನಮ್ಮ ಮಾತಿನಲ್ಲಿ, ಹಾಗೆಯೇ ಬರೆಯುತ್ತೇನೆ.

"ಸರೋಜಾ ವಹಿನಿ, ಕುರ್ಚಿ ತಗಸತೀನಿ. ಅಡಗಿಮನಿ ನೀವು ನಡಸ್ರಿ. ಆದ್ರ ಒಂದು ಮಾತು ಮೊದಲ ಹೇಳತೀನಿ. ಕಮಿಟಿಯೊಳಗ ಅರ್ಧ ಮಂದಿಗೆ ಬಾರ್ ಬೇಕಾಗೇದ. ಒಬ್ಬ ಗುತ್ತಿಗೆದಾರ ತಯಾರಾಗಿ ನಿಂತಾನ. ಆಷಾಢದ ತನಕ ನಿಮ್ಮ ಕೈಯಾಗ ಇರಲಿ. ಆಮ್ಯಾಲೆ ಸಭೆ. ಅಡಗಿಮನಿ ನಿಮಗೋ ಅವನಿಗೋ, ಅಲ್ಲೇ ಠರಾವು."

ಮೂರು ತಿಂಗಳು. ವಹಿನಿ ಎಂದು ಅತ್ತಿಗೆಯ ಸಲಿಗೆಯಲ್ಲಿ ಕರೆದರೂ ಬಾಯಿಯವರ ದನಿ ಪರೀಕ್ಷೆಯ ದಿನಾಂಕ ಹೇಳುವ ದನಿಯೇ ಆಗಿತ್ತು. ನಾನು ಪಾಂಡುರಂಗನ ಫೋಟೋ, ಹಂಚು, ಲಟ್ಟಣಿಗೆ ಗಂಟು ಕಟ್ಟಿಕೊಂಡು ಶನಿವಾರದ ಬಸ್ಸು ಹತ್ತಿದೆ. ನಮ್ಮ ಮನೆಯವರು ಹಿಟ್ಟಿನ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. "ನಲವತ್ತು ವರ್ಷಕ್ಕ ನೌಕರಿಗೆ ಹೊಂಟೀ. ನಾ ಡಬ್ಬಿ ಹೊರಾಂವ" ಎಂದು ನಕ್ಕರು. ಆ ಮನುಷ್ಯ ಆವತ್ತು ನಕ್ಕದ್ದೇ ನನಗೆ ದೇವರು ಕೊಟ್ಟ ಮೊದಲ ಕೂಲಿ.

ಸವಿತಾ, ಮೊದಲ ಪಾಠ ಗಾಳಿಯದು. ಕೆರೆ ದಂಡೆಯ ಗಾಳಿ ಕೋಥರೂಡಿನ ಗಾಳಿಯಲ್ಲ. ಮೊದಲ ದಿನ ನೀರು ಕಾಣಲಿ ಎಂದು ಕಿಟಕಿ ತೆರೆದು ಒಲೆ ಹಚ್ಚಿದೆ. ಉರಿ ಮಲಗಿತು, ಎದ್ದಿತು, ಮತ್ತೆ ಮಲಗಿತು. ಒಂದು ಬದಿ ಹೊತ್ತಿ ಇನ್ನೊಂದು ಬದಿ ಹಸಿ ಉಳಿದ ಹನ್ನೊಂದು ರೊಟ್ಟಿಗಳನ್ನು ಹಳ್ಳಿಯಿಂದ ಸಹಾಯಕ್ಕೆ ಬರುತ್ತಿದ್ದ ಶೇವಂತಾ ತನ್ನ ಎಮ್ಮೆಗೆ ಒಯ್ದಳು. "ಎಮ್ಮಿ ಭಾಳ ಖುಷಿ ಆತು ತಾಯಿ, ನಾಳೆನೂ ಹಿಂಗ ಮಾಡ್ರಿ" ಎಂದು ಮರುದಿನ ವರದಿ ಕೊಟ್ಟಳು. ಅಂದಿನಿಂದ ಕಿಟಕಿ ಮುಚ್ಚಿ ದುಡಿದೆ. ನೀರು ಊಟಗಾರರಿಗೆ, ಗೋಡೆ ನಮಗೆ.

ಎರಡನೆಯ ವಾರ ಲಿಮಯೆ ಬಾಯಿ ಬೆಳಿಗ್ಗೆಯೇ ಸಿಟ್ಟಾಗಿ ಬಂದರು. "ರಜಾ ದಿನಾ ಮುಂಜಾನೆ ಬಡಿಗಿಯವನ ಕರಸಿದವರು ಯಾರು? ಮೂರು ಬಂಗಲೆಯಿಂದ ತಕರಾರು ಬಂದದ. ಠಪ್ ಠಪ್ ಅಂತ ಒಂದ ಸಮ ಬಡೀಲಿಕ್ಕೆ ಹತ್ಯಾನ!"

ನಾನು ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದೆ. ಮತ್ತೊಂದು ರೊಟ್ಟಿ ಬಡಿದು ತೋರಿಸಿದೆ. ಬಾಯಿ ನನ್ನ ಕೈ ನೋಡಿದರು, ಕಲ್ಲು ನೋಡಿದರು. ನಗಲಿಲ್ಲ. ಅವರು ಸುಲಭಕ್ಕೆ ನಗುವವರಲ್ಲ. "ಎಂಟು ಗಂಟೆಯ ಮೊದಲು ಬಡೀಬ್ಯಾಡ್ರಿ" ಎಂದು ಹೇಳಿ ಹೋದರು. ಮುಂದೆ ಆ ಸಪ್ಪಳವೇ ನಮ್ಮ ಬೋರ್ಡು ಆಯಿತು. ಅದು ಕೇಳಿಸಿದರೆ ಊಟ ತಯಾರಾಗುತ್ತಿದೆ ಎಂದು ಜನ ಇಳಿದು ಬರುತ್ತಿದ್ದರು.

ಒಂದೇ ಊಟ ಇಟ್ಟಿದ್ದೆ. ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ಎಷ್ಟು ಜನ ಎಂದು ಶುಕ್ರವಾರ ಸಂಜೆಯೊಳಗೆ ಫೋನು ಮಾಡಬೇಕು. ಆಮೇಲೆ ಮೊಬೈಲಿನ ಗುಂಪು ಬಂತು, ಹೆಬ್ಬೆರಳಿನ ಚಿತ್ರ ಕಳಿಸಿದರೆ ಒಂದು ತಾಟು ಎಂದು ಲೆಕ್ಕ. ಒಬ್ಬರು ಮೊಮ್ಮಗ ಹುಟ್ಟಿದ ಸುದ್ದಿ ಹಾಕಿದಾಗ ಮೂವತ್ತು ಹೆಬ್ಬೆರಳು ಬಂದವು, ನಾನು ಮೂವತ್ತು ತಾಟಿಗೆ ಬದನೆಕಾಯಿ ಸೀಳಿಟ್ಟೆ. ಹೊಸ ಪದ್ಧತಿ ಬಂದಾಗ ಹೊಸ ತಪ್ಪೂ ಜೊತೆಗೆ ಬರುತ್ತದೆ. ಹೆದರಬಾರದು. ಆ ಬದನೆಕಾಯಿ ಶೇವಂತಾಳ ಹಳ್ಳಿಯ ಭಜನೆಗೆ ಹೋಯಿತು.

ಕುಡಿಯುವುದರ ವಿಷಯ ನೀನು ಕೇಳಿಯೇ ಕೇಳುತ್ತೀ. ನೀರಿನ ದಂಡೆಗೆ ಬಂದವರಿಗೆ ಬಾಟಲಿ ನೆನಪಾಗುವುದು ಸಹಜ. ಒಂದು ಸಲ ನಾಲ್ವರು ಹುಡುಗರು ಕ್ಲಬ್ಬಿನ ಕಟ್ಟೆಯ ಮೇಲೆ ಬಿಯರ್ ಬಾಟಲಿ ಇಟ್ಟುಕೊಂಡು ಗ್ಲಾಸು ಕೇಳಲು ಬಂದರು.

"ಗ್ಲಾಸಿಲ್ಲಪ್ಪ."

"ಅಲ್ಲಿ ಸಾಲಾಗಿ ಕಾಣಸ್ತಾವಲ್ಲ ಕಾಕು?"

"ಅವು ಮಜ್ಜಿಗಿ ಕುಡಿಯೂವು. ನಿಮ್ಮ ಬಾಟಲಿ, ನಿಮ್ಮ ಬಂಗಲೆ, ನಿಮ್ಮ ಗ್ಲಾಸು. ನಾ ಬ್ಯಾಡ ಅನ್ನಾಂಗಿಲ್ಲ. ನನ್ನ ಪಾತ್ರಿ ತೊಳಿಯೂ ತೊಟ್ಟಿಗೆ ಮಾತ್ರ ಬರಬಾರದು."

ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಬೆಳಿಗ್ಗೆ ಅದೇ ನಾಲ್ವರು ತಲೆ ಹಿಡಿದುಕೊಂಡು ಬಂದು ಶುಂಠಿ ಹಾಕಿದ ಮಜ್ಜಿಗೆ ಕೇಳಿದರು. ಎರಡೆರಡು ಲೋಟ ಕೊಟ್ಟೆ. "ಕಾಕು, ಇದನ್ನ ರಾತ್ರೀನ ಕುಡೀಬೇಕಿತ್ತು ನೋಡ್ರಿ" ಅಂದ ಒಬ್ಬ. ಮುಂದೆ ಅವನು ಮದುವೆಯಾಗಿ ಹೆಂಡತಿಯನ್ನೂ ಕರೆತಂದ.

ಮೀನು ಬೇಕೆನ್ನುವವರಿಗೆ ನೀರಿನ ಅಂಚಿಗಿದ್ದ ಮೀನುಗಾರರ ಮನೆಯ ದಾರಿ ತೋರಿಸುತ್ತಿದ್ದೆ. ಆ ಮನೆಯ ಹೆಂಗಸು ಬಿಸಿ ಅನ್ನ ಸಾರು ಮಾಡಿ ಹಾಕುತ್ತಿದ್ದಳು. ಲಿಮಯೆ ಬಾಯಿಗೆ ಇದು ಸರಿಬರಲಿಲ್ಲ. "ನಮ್ಮ ಗಿರಾಕಿನ್ನ ನೀವ ಹೊರಗ ಕಳಸ್ತೀರಾ? ಸಭೆಯೊಳಗ ಇದು ನಿಮಗ ತೊಡಕಾಗತದ."

"ಬಾಯಿ, ಹಸದವರಿಗೆ ದಾರಿ ಹೇಳೂದು ತಪ್ಪಾದ್ರ ಆಗಲಿ. ಅವರು ಮೀನ ತಿಂದು ಚಹಾಕ್ಕ ಇಲ್ಲೇ ಬರತಾರ."

ಬಂದೇ ಬರುತ್ತಿದ್ದರು. ಸವಿತಾ, ನಿನ್ನ ಕೆರೆಯ ಸುತ್ತ ಯಾರು ಏನು ಚೆನ್ನಾಗಿ ಮಾಡುತ್ತಾರೆ ಎಂದು ಮೊದಲು ತಿಳಿದುಕೋ. ನಿನ್ನ ಬಳಿ ಇಲ್ಲದ್ದನ್ನು ಕೇಳಿದವರಿಗೆ ಮುಖ ಅರಳಿಸಿಕೊಂಡು ಅಲ್ಲಿಗೆ ಕಳಿಸು.

ಜ್ಯೇಷ್ಠದಲ್ಲಿ ಆ ಗುತ್ತಿಗೆದಾರರೇ ಜಾಗ ನೋಡಲು ಬಂದರು. ಕರಾವಳಿಯ ಶೆಟ್ಟರು. ಪುಣೆಯಲ್ಲಿ ಎರಡು ಬಾರ್ ನಡೆಸುತ್ತಿದ್ದರು. ಪಾಂಡುರಂಗನ ಫೋಟೋದ ಕೆಳಗೆ ನಾನು ಕನ್ನಡದಲ್ಲಿ ಬರೆದಿದ್ದ ಸಾಮಾನಿನ ಪಟ್ಟಿ ಕಂಡು ಅವರ ಮುಖವೇ ಬದಲಾಯಿತು.

"ನೀವು ಕನ್ನಡದವರಾ ಅಕ್ಕ! ಯಾವ ಊರು ಮಾರಾಯ್ರೆ?"

"ಬೈಲಹೊಂಗಲ. ಬರ್ರಿ, ಕೂಡ್ರಿ. ಊಟ ಮಾಡ್ರಿ."

ಎರಡು ರೊಟ್ಟಿ ಉಂಡರು, ಮೂರನೆಯದನ್ನು ಅರ್ಧ ಮುರಿದು ಹಾಕಿಸಿಕೊಂಡರು. ಕೈ ತೊಳೆದು ನೇರವಾಗಿ ಹೇಳಿದರು: "ಅಕ್ಕ, ನಿಮ್ಮ ಕೈ ಒಳ್ಳೆಯದುಂಟು. ಆದರೆ ಈ ಜಾಗಕ್ಕೆ ಬಾರ್ ಬೇಕು. ನನಗೆ ಸಿಕ್ಕಿದರೆ ನೀವು ಇಲ್ಲೇ ಇರಿ, ರೊಟ್ಟಿ ಕೌಂಟರ್ ನಿಮ್ಮದೇ."

"ನಿಮಗ ಸಿಕ್ಕರ ನೋಡೋಣ. ನನಗ ಸಿಕ್ಕರ ನೀವು ವಾರಕ್ಕೊಮ್ಮೆ ಊಟಕ್ಕ ಬರ್ರಿ" ಅಂದೆ. ಇಬ್ಬರೂ ನಕ್ಕೆವು. ಆದರೆ ಆ ದಿನ ಬಸ್ಸಿನಲ್ಲಿ ನನಗೆ ನಗು ಬರಲಿಲ್ಲ. ಬಾಡಿಗೆಯ ಕೌಂಟರಿನ ಹಿಂದೆ ನಿಂತು, ಪಕ್ಕದಲ್ಲಿ ಬಾಟಲಿ ತೆರೆಯುತ್ತಿರುವಾಗ ಪಾಂಡುರಂಗನ ಫೋಟೋ ಎಲ್ಲಿ ತೂಗುಹಾಕಲಿ? ಮೂರು ತಿಂಗಳಲ್ಲಿ ಆ ಅಡುಗೆಮನೆ ನನ್ನ ಮನೆಯಾಗಿಬಿಟ್ಟಿತ್ತು. ಅಲ್ಲಿ ಉಪ್ಪು ಎಷ್ಟು ಎಂದು ಹೇಳುವವಳು ನಾನು. ಇಪ್ಪತ್ತು ವರ್ಷದ ಸಂಸಾರದಲ್ಲಿ ಹಾಗೆ ನನ್ನದೇ ಎನ್ನುವ ಗೋಡೆ ಇರಲಿಲ್ಲ. ಆಷಾಢದ ಸಭೆ ತಲೆಯ ಮೇಲೆ ತೂಗುತ್ತಿತ್ತು.

ಇಷ್ಟರಲ್ಲಿ ಆಷಾಢೀ ಏಕಾದಶಿ ಬಂತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಆ ದಿನ ಕ್ಲಬ್ಬಿನಲ್ಲಿ ಹೆಂಗಸರ ಭಜನೆ. ಬಂಗಲೆಯವರು, ಅವರ ಅತ್ತೆ ತಾಯಂದಿರು ಸೇರಿ ನಲವತ್ತು ಜನ. ಎಲ್ಲರೂ ಉಪವಾಸದವರು. ಮಧ್ಯಾಹ್ನ ಉಪವಾಸದ ಫಲಾಹಾರ ನನ್ನಿಂದ. ಲಿಮಯೆ ಬಾಯಿ ಮೊದಲೇ ಎರಡು ಸಲ ಫೋನು ಮಾಡಿದ್ದರು. "ಸಾಬುದಾಣಿ ಖಿಚಡಿ. ಸಾದಾ. ನಮ್ಮ ಅತ್ತಿಯವರೂ ಬರತಾರ. ಎಂಬತ್ತಾರು ವರ್ಷ. ಅವರ ಏಕಾದಶಿ ಇಂದಿನ ತನಕ ಒಂದೂ ತಪ್ಪಿಲ್ಲ. ಸಭೆ ಅದರ ಮುಂದಿನ ರವಿವಾರ, ನೆನಪಿರಲಿ."

ಆ ಅತ್ತೆಯನ್ನು ಎಲ್ಲರೂ ಆಜಿ ಎನ್ನುತ್ತಿದ್ದರು. ಸಾಸವಡದ ಮನೆಯಲ್ಲಿ ಹುಟ್ಟಿದವರು. ಪಂಢರಪುರಕ್ಕೆ ಹೋಗುವ ಪಾಲಖಿ ಅವರ ಬಾಗಿಲ ಮುಂದೆಯೇ ಹಾಯುತ್ತಿತ್ತಂತೆ.

ಸಾಬುದಾಣಿ ಎಂದರೆ ಸಬ್ಬಕ್ಕಿ, ನಮ್ಮ ತವರಿನಲ್ಲಿ ಪಾಯಸಕ್ಕೆ ಮಾತ್ರ. ಪುಣೆಗೆ ಬಂದಮೇಲೆ ಮನೆಮಟ್ಟಿಗೆ ಖಿಚಡಿ ಕಲಿತಿದ್ದೆ, ಎರಡು ಬಟ್ಟಲು ನೆನೆಸುವಷ್ಟು. ನಲವತ್ತು ಜನಕ್ಕೆ ಎಂದೂ ನೆನೆಸಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಅಕ್ಕಿ ನೆನೆಸಿದ ಹಾಗೆ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಕಾಳೇ ಇಲ್ಲ. ಬಿಳಿ ಅಂಟು.

"ತಾಯಿ, ಇದರಲೆ ಗ್ವಾಡಿಗೆ ಪತ್ರಿಕಾ ಅಂಟಸಬಹುದು" ಅಂದಳು ಶೇವಂತಾ.

ಹೊರಗೆ ಮುಳಶಿಯ ಆಷಾಢದ ಮಳೆ. ಹಳ್ಳದ ಮೇಲೆ ನೀರು ಬಂದು ಬಸ್ಸು ಆಚೆಗೇ ನಿಂತಿತ್ತು. ಅಂಗಡಿಗೆ ದಾರಿ ಇಲ್ಲ. ಕ್ಲಬ್ಬಿನ ಹಾಲಿನಲ್ಲಿ ತಾಳದ ಸದ್ದು ಶುರುವಾಗಿತ್ತು. ನಾನು ಪಾಂಡುರಂಗನ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿದೆ. ನಮ್ಮವ್ವ ನೆನಪಾದಳು. ಬೈಲಹೊಂಗಲದಲ್ಲಿ ಏಕಾದಶಿಗೆ ಅವಳು ಅನ್ನ ಮುಟ್ಟುತ್ತಿರಲಿಲ್ಲ, ಅವಲಕ್ಕಿ ತಿನ್ನುತ್ತಿದ್ದಳು. ನಮ್ಮ ಓಣಿಯಲ್ಲೆಲ್ಲ ಅದೇ ಫಲಾಹಾರ. ಡಬ್ಬಿಯಲ್ಲಿ ತೆಳು ಅವಲಕ್ಕಿ ಇತ್ತು. ಪುಡಿ ಮಾಡಿದೆ. ಆ ಅಂಟಿಗೆ ಅವಲಕ್ಕಿ ಪುಡಿ, ಬೇಯಿಸಿದ ಬಟಾಟೆ, ಶೇಂಗಾ ಪುಡಿ, ಹಸಿಮೆಣಸು ಕಲಸಿ ವಡೆ ತಟ್ಟಿದೆ. ಬಂಗಾರದ ಬಣ್ಣಕ್ಕೆ ಬಂದವು. ದೇವರೇ ದಾರಿ ತೋರಿಸಿದ ಎಂದು ಕೈಮುಗಿದೆ. ಹೆಮ್ಮೆಯೂ ಆಯಿತು, ಯಾಕೆ ಸುಳ್ಳು ಹೇಳಲಿ?

ಹಾಲಿನಲ್ಲಿ ತಾಟುಗಳು ಖಾಲಿಯಾಗುತ್ತಿದ್ದವು. ಆಜಿ ಬೆತ್ತದ ಕುರ್ಚಿಯಲ್ಲಿ ಕೂತು ಒಂದು ವಡೆ ಮುಗಿಸಿ ಎರಡನೆಯದನ್ನು ಮುರಿದಿದ್ದರು. ಕಮಿಟಿಯ ಭಾವೆ ಕಾಕಾರ ಹೆಂಡತಿ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಅಹೋ ವಹಿನಿ, ಎಷ್ಟು ಕುರುಕುರು ಆಗ್ಯಾವ! ನಮ್ಮ ಮನ್ಯಾಗ ಎಂದೂ ಹಿಂಗ ಆಗಂಗಿಲ್ಲ. ಏನ ಹಾಕೀರಿ ಖರೇ ಹೇಳ್ರಿ."

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಅವಲಕ್ಕಿ!"

ತಾಳ ಹಿಡಿದವರ ಕೈ ನಿಂತಿತು. "ಪೋಹೇ?" ಎಂದರು ಒಬ್ಬರು. "ಪೋಹೇ ಅಂದ್ರ ಅಕ್ಕಿ. ಅನ್ನ ಉಂಡಂಗ ಆತಲ್ಲ!" ಯಾರೋ ಬಾಯಿ ಮುಕ್ಕಳಿಸಲು ಎದ್ದರು. ಭಾವೆ ಕಾಕು ಕೈಯಲ್ಲಿದ್ದ ವಡೆಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದೇ ನಿಂತರು. ಉಪವಾಸಕ್ಕೆ ಅಲ್ಲಿ ಅವಲಕ್ಕಿ ನಡೆಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ, ನಲವತ್ತು ಜನರ ಮುಖದಲ್ಲಿ. ಇಪ್ಪತ್ತು ವರ್ಷ ಪುಣೆಯಲ್ಲಿದ್ದೂ ಕೇಳಿ ತಿಳಿದಿರಲಿಲ್ಲ. ನಮ್ಮ ಮನೆಯ ಉಪವಾಸ ನಮ್ಮ ಮನೆಯೊಳಗೇ ಆಗಿಹೋಗುತ್ತಿತ್ತು.

ನಾನು ಆಜಿಯ ಹತ್ತಿರ ಹೋದೆ. ಅವರು ಮುರಿದ ವಡೆಯನ್ನು ತಾಟಿನಲ್ಲಿಟ್ಟು ಸೊಸೆಯಿಂದ ನೀರು ತರಿಸಿ ಬಾಯಿ ತೊಳೆದರು. ನನ್ನ ಮೇಲೆ ಕೂಗಾಡಲಿಲ್ಲ.

"ಆಜಿ, ತಪ್ಪಾತು. ನಮ್ಮಲ್ಲಿ ನಡಿತದ. ನಾ ಕೇಳಲಿಲ್ಲ."

"ಹೌದವ್ವ, ನೀ ಕೇಳಲಿಲ್ಲ" ಎಂದರು ಆಜಿ. "ಇರಲಿ. ಇಂದಿನದು ಮುರೀತು. ನಾಳೆ ದ್ವಾದಶಿ, ನಾಳೆ ಹಿಡಿತೀನಿ."

ಲಿಮಯೆ ಬಾಯಿ ನನ್ನನ್ನು ನೋಡದೆಯೇ ಹೇಳಿದರು: "ರವಿವಾರ ಸಭೆ."

ಆ ರಾತ್ರಿ ನಾನು ಊರಿಗೆ ಹೋಗಲಿಲ್ಲ. ಮರುದಿನ ಎಲ್ಲರೂ ಪಾರಣೆ ಮಾಡಿ ಉಣ್ಣುವಾಗ ಎಂಬತ್ತಾರರ ಮುದುಕಿ ನನ್ನ ದೆಸೆಯಿಂದ ಹಸಿದಿರುವಳಲ್ಲ ಎಂದು ನಾನೂ ತುತ್ತು ಮುಟ್ಟಲಿಲ್ಲ. ಮಧ್ಯಾಹ್ನ ಅವರ ಬಂಗಲೆಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಆಜಿ ಒಳಗಿಂದ ಕೋಲೂರಿಕೊಂಡು ಬಂದು ಪಕ್ಕದಲ್ಲೇ ಕೂತರು.

"ನೀ ಏನರ ತಿಂದೀ?"

"ಇಲ್ರಿ."

"ಹುಚ್ಚಿ ಇದ್ದೀ. ನಾಳೆ ನಲವತ್ತು ಮಂದಿ ಅಡಗಿ ಮಾಡೂ ಕೈ ಅದು" ಎಂದರು. ಆಮೇಲೆ ಸಾಸವಡದ ಪಾಲಖಿ, ಅದರ ಜೊತೆ ನಡೆದು ಬರುವ ವಾರಕರಿಗಳಿಗೆ ಅವರ ತಾಯಿ ಕುದಿಸುತ್ತಿದ್ದ ಗೆಣಸು, ಅದರ ಮೇಲೆ ಹಾಕುತ್ತಿದ್ದ ಬೆಲ್ಲ, ಎಲ್ಲ ಹೇಳಿದರು. ಸಾಬುದಾಣಿಗೆ ನೀರು ಎಷ್ಟು ಎಂದೂ ಹೇಳಿದರು: ತೊಳೆದು ಬಸಿದಮೇಲೆ ಒಂದು ಕೈ ಚಿಮುಕಿಸುವಷ್ಟು, ಸಾಕು. ಕೇಳುತ್ತ ಕೇಳುತ್ತ ನನಗೆ ಒಂದು ವಿಚಾರ ಬಂತು. ಸಭೆಯಲ್ಲಿ ಕ್ಷಮೆ ಕೇಳಿದರೆ ತಪ್ಪು ಹೋಗುವುದಿಲ್ಲ. ಕೇಳದೆ ಮಾಡಿದ ತಪ್ಪಿಗೆ ಕೇಳುವುದೇ ಮದ್ದು. ಕೋಥರೂಡಿಗೆ ಹೋಗಿ ಒಂದು ಗೆರೆ ಪುಸ್ತಕ ಕೊಂಡೆ. ಒಂದೊಂದು ಪುಟದ ಮೇಲೆ ಒಂದೊಂದು ಬಂಗಲೆಯ ನಂಬರು ಬರೆದೆ.

ರವಿವಾರ ಸಭೆ ಕ್ಲಬ್ಬಿನ ಹಾಲಿನಲ್ಲೇ. ಶೆಟ್ಟರು ಮುದ್ರಿಸಿದ ಮೆನು ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆಜಿ ಸದಸ್ಯರಲ್ಲ, ಆದರೂ ಮಳೆ ನೋಡುವ ನೆವದಲ್ಲಿ ಬೆತ್ತದ ಕುರ್ಚಿಯಲ್ಲಿ ಬಂದು ಕೂತಿದ್ದರು. ಭಾವೆ ಕಾಕಾ ಒಳ್ಳೆಯ ಮನುಷ್ಯ, ನನಗೊಂದು ಹಗ್ಗ ಎಸೆದರು.

"ವಹಿನಿ, ಪೋಹೇ ಹಾಕಿದ್ದು ಒಂದ ಸಲ ಕರದ ವಡಿಯೊಳಗ ಇರಬೇಕಲ್ಲ? ಎಲ್ಲಾದ್ರಾಗೂ ಅಲ್ಲಲ್ಲ?"

"ಎಲ್ಲಾದ್ರಾಗೂ ರೀ ಕಾಕಾ. ಒಂದೂ ಬಿಟ್ಟಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಲಿಮಯೆ ಬಾಯಿ ಮೇಜು ತಟ್ಟಿದರು. "ನಿಮ್ಮದೇನರ ಹೇಳೂದಿದ್ರ ಹೇಳ್ರಿ. ಆಮ್ಯಾಲೆ ಕೈ ಎತ್ತಸತೀನಿ."

ನಾನು ಎದ್ದು ನಿಂತೆ. "ತಪ್ಪು ನಂದು. ನಾ ಕೇಳಲಿಲ್ಲ. ಅದಕ್ಕ ಈಗ ಕೇಳಲಿಕ್ಕೆ ಬಂದೀನಿ. ಅಡಗಿಮನಿ ಯಾರಿಗೆ ಸಿಕ್ಕರೂ ಈ ಪುಸ್ತಕ ಅವರಿಗೆ ಬೇಕಾಗತದ. ನಿಮ್ಮ ನಿಮ್ಮ ಮನ್ಯಾಗ ಉಪವಾಸಕ್ಕ ಏನ ನಡಿತದ, ಏನ ನಡಿಯಾಂಗಿಲ್ಲ, ಹೇಳ್ರಿ. ಬರಕೋತೀನಿ. ಭಾವೆ ಕಾಕು, ಮೊದಲ ನೀವು. ಜೀರಗಿ?"

"ನಡಿತದ."

"ಛೇ!" ಎಂದಿತು ಬಲಗಡೆಯಿಂದ ಒಂದು ದನಿ. "ಉಪವಾಸಕ್ಕ ಜೀರಗಿ? ನಮ್ಮಲ್ಲಿ ಇಲ್ಲಪಾ."

"ನಿಮ್ಮಲ್ಲಿ ಜೀರಗಿ ಇಲ್ಲ, ಕೊತ್ತಂಬ್ರಿ ಹಾಕತೀರಿ. ನಾ ಕಣ್ಣಾರೆ ನೋಡೀನಿ."

"ಕೊತ್ತಂಬ್ರಿ ಸೊಪ್ಪು! ಸೊಪ್ಪಿಗೇನ ಆಗೇದ?"

"ಮತ್ತ ಟೊಮ್ಯಾಟೊ?"

"ಟೊಮ್ಯಾಟೊ ಪರದೇಶಿ. ಯಾವ ಶಾಸ್ತ್ರದಾಗ ಅದ?"

"ಬಟಾಟಿನೂ ಪರದೇಶಿನ. ಅದನ್ನ ಹೊಟ್ಟಿ ತುಂಬ ತಿಂತೀರಲ್ಲ!"

"ನಿಮ್ಮ ಯಜಮಾನ್ರು ಏಕಾದಶಿ ದಿನಾ ಅಂಗಡಿ ಚಿವ್ಡಾ ತಿಂತಾರ, ಅದರಾಗ ಏನ ಇರತದ ಯಾರಿಗೆ ಗೊತ್ತು?"

"ಪಾಕೀಟಿನ ಮ್ಯಾಲೆ ಉಪವಾಸದ್ದು ಅಂತ ಬರದಿರತದ ರೀ!"

ನನ್ನ ಪೆನ್ನು ಓಡುತ್ತಿತ್ತು. ಹನ್ನೊಂದು ಮನೆಯವರು ಹೇಳಿದರು, ಹನ್ನೊಂದೂ ಬೇರೆ ಬೇರೆ. ಒಬ್ಬರಿಗೆ ಎಣ್ಣೆ ನಡೆಯುವುದಿಲ್ಲ, ತುಪ್ಪವೇ. ಇನ್ನೊಬ್ಬರಿಗೆ ಹಸಿಮೆಣಸು ನಡೆಯುತ್ತದೆ, ಒಣಮೆಣಸು ಇಲ್ಲ. ಗಂಡ ಒಂದು, ಹೆಂಡತಿ ಒಂದು ಹೇಳಿದ ಮನೆಗಳೂ ಇದ್ದವು. ಶೆಟ್ಟರು ನನ್ನ ಕಡೆ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದರು: "ಅಕ್ಕ, ಇವರಿಗೆ ನಾನು ಎಂತ ಮೆನು ಪ್ರಿಂಟ್ ಮಾಡುದು ಮಾರಾಯ್ರೆ?"

ಲಿಮಯೆ ಬಾಯಿ ಮೇಜು ತಟ್ಟಿ ತಟ್ಟಿ ಸುಮ್ಮನಾಗಿಸಿದರು. "ಸಾಕು! ಇದು ಅಡಗಿಮನಿ ಸಭೆ, ಮೀನಿನ ಪ್ಯಾಟಿ ಅಲ್ಲ. ನಮ್ಮ ಮನೀದು ಬರಕೋರಿ: ಜೀರಗಿ ನಡಿತದ. ನಲವತ್ತು ವರ್ಷದಿಂದ ಹಾಕೇ ಮಾಡತೀನಿ."

ನಾನು ಅವರ ಪುಟ ತೆರೆದೆ. ಬರೆಯುವ ಮೊದಲು, ಪಾಠ ಕಲಿತವಳಲ್ಲವೇ, ಬೆತ್ತದ ಕುರ್ಚಿಯ ಕಡೆ ತಿರುಗಿದೆ.

"ಆಜಿ, ನಿಮಗ? ಜೀರಗಿ ನಡಿತದೇನ್ರಿ?"

ಆಜಿ ಮಳೆಯಿಂದ ಮುಖ ತಿರುಗಿಸಿದರು. ಸೊಸೆಯನ್ನು ಒಮ್ಮೆ ನೋಡಿದರು.

"ಸಾಸವಡದಾಗ ನಮ್ಮ ಮನ್ಯಾಗ ನಡೀತಿರಲಿಲ್ಲವ್ವ."

ಬಾಯಿ ಕನ್ನಡಕ ತೆಗೆದರು. "ಆಯೀ, ನಾ ಮಾಡಿದ್ದನ್ನ ತಿಂತಿದ್ದಿರಲ್ಲ?"

"ಆರಿಸಿ ತಿಂತಿದ್ದೆ."

"ಆರಿಸೂದನ್ನ ನೋಡೀನಿ. ಪ್ರತಿ ಏಕಾದಶಿಗೂ ನೋಡೀನಿ. ಹರಳು ಹುಡುಕತೀರಿ ಅಂತ ತಿಳಕೊಂಡಿದ್ದೆ. ನಾಕು ನಾಕು ಸಲ ಆರಿಸಿ ತೊಳದು ಹಾಕತಿದ್ದೆ."

"ಗೊತ್ತದ. ಪಾಪ, ಭಾಳ ಸ್ವಚ್ಛ ಮಾಡತಿದ್ದಿ."

"ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ಹೊಸದಾಗಿ ಬಂದ ಸೊಸಿ, ಮೊದಲನೇ ಏಕಾದಶಿ. ಮನಸಿಗೆ ಹತ್ತೀತು ಅಂತ ಸುಮ್ಮನಾದೆ. ಆಮ್ಯಾಲೆ ಹೇಳೂ ವ್ಯಾಳ್ಯಾ ಮೀರಿತು. ಯಾರೂ ಕೇಳಲೂ ಇಲ್ಲ. ಇಂದ ಈಕಿ ಕೇಳಿದಳು, ಹೇಳಿದೆ."

ಮುಖ್ಯಾಧ್ಯಾಪಕಿಯಾಗಿ ಎಷ್ಟು ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವರೋ ಆ ಬಾಯಿ ಕನ್ನಡಕ ಹಾಕಿಕೊಂಡು ನನ್ನ ಕೈಯಿಂದ ಪುಸ್ತಕ, ಪೆನ್ನು ಎರಡನ್ನೂ ತೆಗೆದುಕೊಂಡರು. ಅತ್ತೆಯ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು. "ಹೇಳ್ರಿ ಆಯೀ. ಉಪ್ಪು ಯಾವುದು? ಗೆಣಸಿಗೆ ತುಪ್ಪ ಹಾಕತಿದ್ದಿರೇನು?" ಒಂದೊಂದೇ ಕೇಳಿ ತಾವೇ ಬರೆದರು. ಅರವತ್ತೈದರ ಸೊಸೆ, ಎಂಬತ್ತಾರರ ಅತ್ತೆ. ಯಾರೂ ಎದ್ದು ಹೋಗಲಿಲ್ಲ.

ಬರೆದು ಮುಗಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಈಗ ಕೈ ಎತ್ರಿ. ಸರೋಜಾ ವಹಿನಿ ಕಡೆ ಯಾರು?" ಎಂದರು. ನಾನು ನೆಲ ನೋಡುತ್ತಿದ್ದೆ. ಶೇವಂತಾ ಬಾಗಿಲಲ್ಲಿ ನಿಂತು ತಾನೂ ಕೈ ಎತ್ತಿದ್ದಳು. "ನಿನಗ ಓಟಿಲ್ಲ" ಎಂದು ಭಾವೆ ಕಾಕಾ ನಕ್ಕಾಗಲೇ ಗೊತ್ತಾಯಿತು, ಉಳಿದ ಕೈಗಳು ಬೇಕಾದಷ್ಟು ಇದ್ದವು ಎಂದು. ಬಾರ್ ಬೇಕೆಂದವರೂ ಇದ್ದರು. ಅವರು ಆ ದಿನವೂ ನನ್ನ ಊಟವನ್ನೇ ಉಂಡು ಹೋದರು. ಶೆಟ್ಟರು ಮೆನು ಮಡಿಚಿ ಜೇಬಿಗೆ ಹಾಕಿಕೊಂಡು ಕೈಮುಗಿದರು. "ಗೆದ್ರಿ ಅಕ್ಕ. ಊಟ ಉಂಟಾ?" ಇತ್ತು. ಬಡಿಸಿದೆ.

ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಆ ಪುಸ್ತಕ ಮೂರಾಯಿತು. ಬಾಣಂತಿಯ ಊಟ, ಸಕ್ಕರೆ ಕಾಯಿಲೆಯವರ ಊಟ, ಶ್ರಾವಣದಲ್ಲಿ ಉಳ್ಳಾಗಡ್ಡಿ ಬಿಟ್ಟವರ ಊಟ, ಎಲ್ಲ ಅದರಲ್ಲಿ ಸೇರಿದವು. ಯಾರು ಹೊಸದಾಗಿ ಬಂದರೂ ತಾಟು ಇಡುವ ಮೊದಲು ಒಂದು ಮಾತು ಕೇಳುತ್ತಿದ್ದೆ. ಮನೆಯ ಹಿರಿಯರು ಜೊತೆಗಿದ್ದರೆ ಅವರನ್ನು ಬೇರೆಯಾಗಿ ಕೇಳುತ್ತಿದ್ದೆ. ಮಕ್ಕಳು ಹೇಳುವುದೂ ಅವರು ಹೇಳುವುದೂ ಒಂದೇ ಆದದ್ದು ಕಡಿಮೆ. ನಿನ್ನ ಎಂಟು ಪುಟದ ಮೆನು ಇರಲಿ ಸವಿತಾ, ಒಂಬತ್ತನೆಯ ಪುಟವನ್ನು ಖಾಲಿ ಬಿಡು.

ಸಭೆಯಾದ ಒಂದು ವಾರಕ್ಕೆ ಕಾಮಿಕಾ ಏಕಾದಶಿ. ಮಳೆ ಹೊಳವಾಗಿತ್ತು. ಸಾಬುದಾಣಿ ತೊಳೆದು, ಬಸಿದು, ಒಂದು ಕೈ ನೀರು ಚಿಮುಕಿಸಿ ಮುಚ್ಚಿಟ್ಟಿದ್ದೆ. ಕಾಳು ಕಾಳು ಬಿಡಿಯಾಗಿ ಮುತ್ತಿನ ಹಾಗೆ ಅರಳಿತ್ತು. ಲಿಮಯೆ ಬಾಯಿ ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು, ಮೊದಲ ಸಲ. ಒಲೆಯ ಮುಂದೆ ನಿಂತು ಅತ್ತೆಯ ಖಿಚಡಿಯನ್ನು ತಾವೇ ಕಲಸಿದರು. ತುಪ್ಪ, ಶೇಂಗಾ, ಹಸಿಮೆಣಸು, ಅಷ್ಟೇ. ಜೀರಿಗೆಯ ಡಬ್ಬಿಯ ಹತ್ತಿರ ಕೈ ತಾನಾಗಿ ಹೋಯಿತು, ತಡೆದು ಹಿಂದೆ ತೆಗೆದರು.

ತಾಟು ಅವರೇ ಒಯ್ದರು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಆಜಿ ಮೊದಲ ತುತ್ತಿಗೆ ಅಭ್ಯಾಸದಂತೆ ತಾಟಿನ ಮೇಲೆ ಬಾಗಿ ಬೆರಳಿನಿಂದ ಕಾಳು ಸರಿಸಿದರು. ಇನ್ನೊಂದು ಬದಿ ಸರಿಸಿದರು. ಆರಿಸಲು ಏನೂ ಸಿಗಲಿಲ್ಲ. ಎದುರಿಗೆ ಕೂತಿದ್ದ ಸೊಸೆಯನ್ನು ನೋಡಿದರು. ಆಮೇಲೆ ಬೆನ್ನನ್ನು ಕುರ್ಚಿಗೆ ಆನಿಸಿ, ತಾಟಿನ ಕಡೆ ನೋಡದೆ, ಕೆರೆಯ ನೀರು ನೋಡುತ್ತ ಉಂಡರು.